‘ಬನ್ನಿ’ ಅಂದವರು ಯಾರು?

ಕಳೆದ ವರ್ಷ ದೀಪಾವಳಿ ಮುಗಿದ ವಾರ. ಹುಣಸೂರಿನ ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದಾಗ ಫೋನ್ ಬಂತು. ನಾನು ಹಿಂದೆ ಏಳು ವರ್ಷ ಪಾಠ ಮಾಡಿದ್ದ ಹೈಸ್ಕೂಲಿನ ಈಗಿನ ಹೆಡ್‌ಮಾಸ್ಟರು, ಅಂದರೆ ಎಚ್.ಎಂ., ನಾಗರಾಜು ಅವರದು. ಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್‌ನಿಂದ ಸ್ವಲ್ಪ ಒಳಗಿರುವ ಆ ಶಾಲೆಗೆ ಐವತ್ತು ವರ್ಷ ತುಂಬುತ್ತದೆ, ಸ್ಮರಣ ಸಂಚಿಕೆ ತರುತ್ತಿದ್ದೇವೆ ಎಂದರು.

“ಶಶಿಕಲಾ ಮೇಡಂ, ನೀವು ಹಿಸ್ಟರಿ ಟೀಚರ್ರು. ನಮ್ ಸ್ಕೂಲಲ್ಲಿ ಮೊದಲು ಹೆಂಗಿತ್ತು, ಆಮೇಲೆ ಎಲ್ರಿಗೂ ಹೆಂಗೆ ಸಮಾನವಾಗಿ ಜಾಗ ಸಿಕ್ತು, ಅದನ್ನ ಬರ್ಕೊಡಿ. ಗೌರಿ ಮೇಡಂ ವಿಷಯ ಬಿಡಬೇಡಿ. ಅವತ್ತು ಅವರಿಗೆ ಸನ್ಮಾನ ಇಟ್ಕೊಂಡಿದೀವಿ. ನಿಮ್ಮ ಲೇಖನಾನೇ ಸ್ಟೇಜ್ ಮೇಲೆ ಓದುಸ್ಬಿಡೋಣ.”

ಗೌರಿ ನಮ್ಮ ಶಾಲೆಗೆ ಗಣಿತದ ಟೀಚರಾಗಿ ಬಂದವರು. ಎನ್. ಬೇಗೂರಿನ ಆಚೆ, ಕಾಡಿನಂಚಿನ ಒಂದು ಜೇನುಕುರುಬ ಆದಿವಾಸಿಗಳ ಹಾಡಿಯವರು. ಹಾಡಿಯಿಂದ ಬಂದು ಆ ಶಾಲೆಯಲ್ಲಿ ಪಾಠ ಮಾಡಿದವರಲ್ಲಿ ಅವರೇ ಮೊದಲು. ಮೂರು ವರ್ಷ ಇದ್ದು ಬೇಗೂರಿನ ಕಡೆಯ ಶಾಲೆಗೆ ವರ್ಗವಾಗಿ ಹೋದರು. ಈಗಲೂ ಅಲ್ಲೇ ಇದ್ದಾರೆ.

ನಾನು ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡೆ. ಏನು ಬರೆಯಬೇಕೆಂದು ನನಗೆ ಆಗಲೇ ಗೊತ್ತಿತ್ತು.

ಕಣ್ಣು ಮುಚ್ಚಿದರೆ ಬರುವ ಒಂದು ಚಿತ್ರ ನನ್ನೊಳಗೆ ಬಹಳ ವರ್ಷದಿಂದ ಇತ್ತು. ನಮ್ಮ ಸ್ಟಾಫ್ ರೂಮಿನ ಮುಂದೆ ದೊಡ್ಡದೊಂದು ಹೊಂಗೆ ಮರ. ಅದರ ಕೆಳಗೆ ಸುತ್ತಲೂ ಕಟ್ಟಿದ ಸಿಮೆಂಟಿನ ಕಟ್ಟೆ. ಗೌರಿ ಹೊಸದಾಗಿ ಬಂದ ದಿನ. ಬಾಗಿಲ ಹತ್ತಿರ ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತಿದ್ದಾರೆ. ಯಾರೂ ಮಾತಾಡುತ್ತಿಲ್ಲ. ನಾನು ಎದ್ದು, “ಬನ್ನಿ ಗೌರಿ, ಬನ್ನಿ, ಊಟ ಮಾಡೋಣ” ಅನ್ನುತ್ತೇನೆ. ಇಬ್ಬರೂ ಕಟ್ಟೆಯ ಮೇಲೆ ಕೂರುತ್ತೇವೆ. ಡಬ್ಬಿ ಬಿಚ್ಚುತ್ತಿದ್ದಂತೆ ಮೇಲಿಂದ ಹೊಂಗೆ ಹೂವು ಉದುರುತ್ತದೆ. ಬಿಳಿಯೂ ಅಲ್ಲದ, ನೇರಳೆಯೂ ಅಲ್ಲದ ಆ ಸಣ್ಣ ಹೂವು ಅನ್ನದ ಮೇಲೆ, ಅವರ ಜಡೆಯ ಮೇಲೆ, ನನ್ನ ಸೆರಗಿನ ಮೇಲೆ ಬೀಳುತ್ತಲೇ ಇರುತ್ತದೆ. ಗೌರಿ ಒಂದು ಹೂವನ್ನು ಅನ್ನದಿಂದ ಎತ್ತಿ ಪಕ್ಕಕ್ಕಿಟ್ಟು ನಗುತ್ತಾರೆ. ಅಷ್ಟೇ. ಆ ಚಿತ್ರದಲ್ಲಿ ಬೇರೆ ಶಬ್ದವಿಲ್ಲ. ಕೆಲವು ಸಲ ಅದು ಕನಸಿನಲ್ಲೂ ಬಂದಿದೆ. ಆಗ ಹೂವು ಸ್ಟಾಫ್ ರೂಮಿನ ಒಳಗೇ, ಸೂರಿನಿಂದಲೇ ಉದುರುತ್ತಿರುತ್ತದೆ.

ನಾನು ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತೇನೆ. ನೆನಪಿನ ಮೇಲೆ ನಂಬಿಕೆ ಇದ್ದಿದ್ದರೆ ಬರೆಯುತ್ತಿರಲಿಲ್ಲ. ಎಂ.ಎ. ಓದುವಾಗ ನಮ್ಮ ಮೇಷ್ಟ್ರು ಆಧಾರವಿಲ್ಲದ ಮಾತನ್ನು ಪರೀಕ್ಷೆಯ ಉತ್ತರದಲ್ಲೂ ಬಿಡುತ್ತಿರಲಿಲ್ಲ, ಕೆಂಪು ಇಂಕಿನಲ್ಲಿ ಸುತ್ತುಹಾಕುತ್ತಿದ್ದರು. ಹಾಗಿದ್ದೂ ಈ ಒಂದು ಚಿತ್ರದ ಮೇಲೆ ನನಗೆ ಯಾವತ್ತೂ ಅನುಮಾನ ಬಂದಿರಲಿಲ್ಲ. ಹಳೆಯ ಡೈರಿಗಳು ಕೆ.ಆರ್. ನಗರದ ಹತ್ತಿರದ ನನ್ನ ತವರುಮನೆಯ ಟ್ರಂಕಿನಲ್ಲಿದ್ದವು. ತೆಗೆದು ನೋಡಬೇಕು ಅನ್ನಿಸಲೂ ಇಲ್ಲ.

ಲೇಖನ ಎರಡು ದಿನದಲ್ಲಿ ಆಯಿತು. ಮೊದಲ ಭಾಗಕ್ಕೆ ಶಾಲೆಯ ಹಳೆಯ ಹಾಜರಿ ಪುಸ್ತಕಗಳು ಸಾಕಾದವು. ನಾನು ಕೆಲಸಕ್ಕೆ ಸೇರಿದಾಗ ಆ ಪುಸ್ತಕದಲ್ಲಿ ಒಂದು ಕೆಂಪು ಗೆರೆ ಇರುತ್ತಿತ್ತು. ಗೆರೆಯ ಮೇಲೆ ಮೇಷ್ಟ್ರುಗಳ ಹೆಸರು, ಕೆಳಗೆ ನಮ್ಮದು. ಇಪ್ಪತ್ತು ವರ್ಷ ಸರ್ವೀಸ್ ಆದ ಲೇಡಿ ಟೀಚರ್ ಕೂಡ ನಿನ್ನೆ ಮೊನ್ನೆ ಬಂದ ಹುಡುಗ ಮೇಷ್ಟ್ರ ಕೆಳಗೇ ಸಹಿ ಹಾಕಬೇಕು. ಯಾಕೆ ಎಂದು ಕೇಳಿದರೆ ಆಗಿನ ಎಚ್.ಎಂ., “ಅದು ಮೊದಲಿಂದ್ಲೂ ಹಂಗೇ ಇದೆ ಕಣಮ್ಮ” ಅನ್ನುತ್ತಿದ್ದರು. ನಾನು ಒಂದು ವರ್ಷ ಜಗಳವಾಡಿದೆ. ಒಂದು ವಾರ ಸಹಿಯನ್ನೇ ಹಾಕಲಿಲ್ಲ. ಕೊನೆಗೆ ಜೂನ್ ತಿಂಗಳ ಹೊಸ ಪುಸ್ತಕದಲ್ಲಿ ಗೆರೆ ಇರಲಿಲ್ಲ, ಸೀನಿಯಾರಿಟಿ ಪ್ರಕಾರ ಹೆಸರು ಬರೆದಿದ್ದರು. ಅದನ್ನು ಹೆಮ್ಮೆಯಿಂದ ಬರೆದೆ. ಅದಕ್ಕೂ ಹಿಂದೆ ಕೇರಿಯಿಂದ ಬಂದ ಮೇಷ್ಟ್ರೊಬ್ಬರ ಟೀ ಲೋಟ ಕಿಟಕಿಯ ಮೇಲೆ ಬೇರೆಯಾಗಿ ಇರುತ್ತಿತ್ತಂತೆ, ನಿವೃತ್ತರಾದ ಒಬ್ಬರು ಹೇಳಿದ್ದರು. ಅದನ್ನೂ ಬರೆದೆ. ಕಡೆಯಲ್ಲಿ ಹೊಂಗೆ ಮರದ ಕೆಳಗಿನ ಊಟ. “ಗೆರೆ ಅಳಿಸಿದ ಮೇಲೆ ಬಂದವರಿಗೆ ನಾವು ‘ಬನ್ನಿ’ ಅಂದೆವು” ಎಂದು ಮುಗಿಸಿದೆ. ಆ ವಾಕ್ಯ ನನಗೇ ಬಹಳ ಹಿಡಿಸಿತು.

ಅವರ ವಿಷಯ ಬರೆದಿದ್ದೇನಲ್ಲ, ಒಮ್ಮೆ ತೋರಿಸಬೇಕು ಎಂದು ಹಾಳೆಗಳ ಫೋಟೋ ತೆಗೆದು ಗೌರಿಯವರ ಫೋನಿಗೆ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದು ಸಾಲು ಬಂತು: “ಓದಿದೆ ಮೇಡಂ. ಫೋನಲ್ಲಿ ಬೇಡ. ಭಾನುವಾರ ಹ್ಯಾಂಡ್‌ಪೋಸ್ಟಿಗೆ ಬರ್ತೀನಿ, ನೀವೂ ಬಂದ್ರೆ ಮಾತಾಡೋಣ.”

ಭಾನುವಾರ ಬೆಳಿಗ್ಗೆ ಕೋಟೆ ಬಸ್ ಹತ್ತಿದೆ. ದಟ್ಟ ಮಂಜು. ಕಿಟಕಿಯಾಚೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕಟ್ಟಡಗಳು ಒಂದೊಂದಾಗಿ ಎದ್ದು ಬಂದು ಮತ್ತೆ ಮಂಜಿನಲ್ಲಿ ಕರಗುತ್ತಿದ್ದವು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿಯಲ್ಲಿ ನಾನು ಗೌರಿ ಏನು ಹೇಳಬಹುದು ಎಂದು ಯೋಚಿಸುತ್ತಿದ್ದೆ. ಬಹುಶಃ ತುಂಬಾ ಹೊಗಳಿದ್ದೀರಿ, ಕಡಿಮೆ ಮಾಡಿ ಅನ್ನಬಹುದು. ಇಲ್ಲವೇ ಹಾಡಿಯ ಹೆಸರು ಹಾಕಬೇಡಿ ಅನ್ನಬಹುದು. ನಾನು ಊಹಿಸಿದ್ದು ಅಷ್ಟೇ.

ಅವರು ಬಸ್ ನಿಲ್ಲುವ ಕಡೆಯ ಸಣ್ಣ ಹೋಟೆಲಿನಲ್ಲಿ ಕೂತಿದ್ದರು. ತಲೆಯಲ್ಲಿ ಒಂದೆರಡು ಬಿಳಿ ಕೂದಲು, ಕನ್ನಡಕ. ನಗು ಮಾತ್ರ ಅದೇ. ಇಡ್ಲಿ ಹೇಳಿದೆವು. ಮಕ್ಕಳು, ಟ್ರಾನ್ಸ್‌ಫರ್, ಮಂಡಿ ನೋವು ಎಲ್ಲ ಮಾತಾಡಿದ ಮೇಲೆ ಅವರೇ ವಿಷಯಕ್ಕೆ ಬಂದರು.

“ಆ ಹೂವು ನಿಜ ಮೇಡಂ. ಡಬ್ಬಿ ಒಳಕ್ಕೆ ಬಿದ್ದಿದ್ದೂ ನಿಜ. ಆದ್ರೆ ಅದು ನಾನು ಬಂದ ದಿನ ಅಲ್ಲ. ಹೋದ ದಿನ.”

ನನಗೆ ಅರ್ಥವಾಗಲಿಲ್ಲ.

“ನಾನು ಡ್ಯೂಟಿಗೆ ಸೇರಿದ್ದು ಆಷಾಢದಲ್ಲಿ. ಜಿಟಿಜಿಟಿ ಮಳೆ. ಆಷಾಢದಲ್ಲಿ ಹೊಂಗೆ ಹೂ ಬಿಡ್ತದಾ ಹೇಳಿ? ಹಿಸ್ಟರಿ ನೀವು ನೋಡ್ಕೊಳಿ, ಮರದ ವಿಷಯ ನಮಗೆ ಬಿಡಿ.” ನಕ್ಕರು. “ಟ್ರಾನ್ಸ್‌ಫರ್ ಆಗಿ ಹೊರಟಾಗ ಏಪ್ರಿಲ್ಲು. ಅವತ್ತು ನೀವೇ ಕರೆದ್ರಿ, ಕಟ್ಟೆ ಮೇಲೆ ಕೂತು ಉಂಡ್ವಿ, ಹೂ ಬಿತ್ತು. ಆದ್ರೆ ಮಧ್ಯೆ ಮೂರು ವರ್ಷ ಇತ್ತು ಕಣ್ರೀ ಮೇಡಂ.”

“ಹಾಗಾದ್ರೆ ಮೊದಲ ದಿನ?”

“ಮೊದಲ ದಿನ ಸ್ಟಾಫ್ ರೂಮಲ್ಲಿ ಕುರ್ಚಿ ಇರಲಿಲ್ಲ. ಇದ್ದಿದ್ರಲ್ಲೆಲ್ಲ ಜನ ಕೂತಿದ್ರು. ನಾನು ಬಾಗ್ಲಲ್ಲಿ ನಿಂತಿದ್ದೆ. ಅಟೆಂಡರ್ ಮಹದೇವಮ್ಮ ಎಚ್.ಎಂ. ರೂಮಿಂದ ಒಂದು ಕುರ್ಚಿ ಎತ್ಕೊಂಡು ಬಂದು, ಸೆರಗಲ್ಲಿ ಒರೆಸಿ, ‘ಬನ್ನಿ ಟೀಚರ್, ಕುಂತ್ಕಳಿ’ ಅಂದ್ರು. ಅವತ್ತು ಮಧ್ಯಾಹ್ನ ಅವರ ಜೊತೇಲೇ ವರಾಂಡದಲ್ಲಿ ಉಂಡೆ. ನಿಮ್ಮ ಲೇಖನದಲ್ಲಿ ‘ಬನ್ನಿ’ ಅನ್ನೋ ಮಾತು ಬಂದಿದೆಯಲ್ಲ, ಅದು ಆಯಮ್ಮನ ಮಾತು.”

“ನಾನೂ ಕರೆದಿದ್ದೆ ಅನ್ನೋ ನೆನಪು ಗೌರಿ. ನಾನು ಬನ್ನಿ ಅನ್ನಲಿಲ್ವಾ?”

“ಕರೆದ್ರಿ. ಇಲ್ಲ ಅನ್ನಲ್ಲ. ‘ಬಾರಮ್ಮ, ಒಳಗೆ ಬಾ, ಯಾವ ಹಾಡಿ ನಿಂದು?’ ಅಂದ್ರಿ.”

ಹೋಟೆಲಿನವರು ಸಾಂಬಾರಿನ ಬಕೆಟ್ ಹಿಡಿದು ಬಂದು ಹೋದರು. ನಾನು ಬೇಡವೆಂದೆನೋ ಬೇಕೆಂದೆನೋ, ಇಡ್ಲಿ ಮುಳುಗುವಷ್ಟು ಸಾಂಬಾರು ಬಿದ್ದಿತ್ತು.

“ಅದು ಪ್ರೀತಿಯಿಂದ ಅಂದಿರ್ತೀನಿ ಗೌರಿ. ನಮ್ಮ ಕಡೆ ಬಾರಮ್ಮ ಅನ್ನೋದು…”

“ಗೊತ್ತು ಮೇಡಂ. ನಂಗೂ ಮೊದಲು ಹಂಗೇ ಅನ್ನುಸ್ತು. ಆದ್ರೆ ನನ್ನ ಹಿಂದೇನೇ ಸುಮ ಮೇಡಂ ಬಂದ್ರು. ಅವರೂ ಅವತ್ತೇ ಹೊಸದಾಗಿ ಸೇರಿದ್ದೋರು, ನಂಗಿಂತ ಎರಡು ವರ್ಷ ಚಿಕ್ಕೋರು. ಅವರಿಗೆ ‘ಬನ್ನಿ ಸುಮಾ, ಟೀ ಆರಿ ಹೋಗ್ತಿದೆ’ ಅಂದ್ರಿ. ಅವರ ಮೇಲೂ ಪ್ರೀತಿ ಇತ್ತಲ್ಲ ನಿಮಗೆ.”

ಗೌರಿಗೂ ನನಗೂ ವಯಸ್ಸಿನಲ್ಲಿ ಒಂದೇ ವರ್ಷದ ಅಂತರ.

“ನಮ್ಮನೇಲಿ ಎಲ್ರೂ ಎಲ್ರಿಗೂ ನೀನು ಅಂತೀವಿ ಮೇಡಂ. ಅಜ್ಜನಿಗೂ ನೀನೇ, ದೇವರಿಗೂ ನೀನೇ. ಅದ್ರಲ್ಲಿ ಮೇಲೆ ಕೆಳಗೆ ಅಂತ ಇರಲಿಲ್ಲ. ಹಾಸ್ಟೆಲ್ ಶಾಲೆಗೆ ಸೇರಿಸಿದ ಮೊದಲ್ನೇ ವಾರ ಮೇಷ್ಟ್ರಿಗೆ ‘ನೀ ಬಾ, ಗಂಟೆ ಹೊಡೀತು’ ಅಂದ್ಬಿಟ್ಟೆ. ಅಂಗೈ ಊದೋ ಹಂಗೆ ಹೊಡೆದ್ರು. ಏಟು ತಿಂದು ಕಲಿತ ಮಾತು ಅದು, ‘ನೀವು’. ಕಲಿತ ಮೇಲೆ, ಒಂದಿನ ನನ್ನ ಕಡೆಗೂ ಬರ್ತದೆ ಅಂತ ಕಾಯ್ತಿದ್ದೆ. ಬಿ.ಎಡ್. ಮಾಡಿ, ಆರ್ಡರ್ ತಗೊಂಡು, ಇಸ್ತ್ರಿ ಸೀರೆ ಉಟ್ಕೊಂಡು ಬಂದಿದ್ದೆ ಅವತ್ತು.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಏನಂತ ಹೇಳೋದು? ‘ರಿ’ ಬಿಟ್ಟೋಗಿದೆ ಅಂತ ಕಂಪ್ಲೇಂಟ್ ಕೊಡಕ್ಕಾಗ್ತದಾ?”

ಇಬ್ಬರೂ ನಕ್ಕೆವು. ನಾನು ನಕ್ಕಿದ್ದು ನಿಜವೋ, ಅವರು ನಕ್ಕರೆಂದು ತುಟಿ ಅಗಲಿಸಿದ್ದೋ ಗೊತ್ತಿಲ್ಲ. ಆಮೇಲೆ ಗೌರಿ ನಗು ನಿಲ್ಲಿಸಿ, ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಕ್ಲಾಸಿನಲ್ಲಿ ಲೆಕ್ಕ ಬಿಡಿಸುವಾಗಿನ ದನಿಯಲ್ಲಿ ಹೇಳಿದರು.

“ನಂಗೆ ಕೋಪ ಇಲ್ಲ ಮೇಡಂ. ಆದ್ರೆ ಅದನ್ನ ಪ್ರಿಂಟ್ ಹಾಕಿ, ನನ್ನ ಸ್ಟೇಜ್ ಮೇಲೆ ಕೂರ್ಸಿ ಓದಿದ್ರೆ ನಾನು ಬರಲ್ಲ. ನಮ್ಮ ಹಾಡಿ ಮಕ್ಕಳೂ ಬಂದು ಕೂತಿರ್ತಾವೆ ಅಲ್ಲಿ. ನಂಗೆ ಕುರ್ಚಿ ಕೊಟ್ಟೋರು ಒಬ್ರು, ಹೆಸರು ಇನ್ನೊಬ್ಬರದು ಅಂದ್ರೆ ನಾನು ತಲೆ ಅಲ್ಲಾಡಿಸ್ಕೊಂಡು ಕೂರಕ್ಕಾಗಲ್ಲ. ಒಂದೋ ನನ್ನ ಹೆಸರು ತೆಗೀರಿ, ಇಲ್ಲ ಇದ್ದಂಗೆ ಬರೀರಿ.”

ಬಿಲ್ ನಾನು ಕೊಡಲು ಹೋದೆ, ಬಿಡಲಿಲ್ಲ. ಅವರ ಬಸ್ ಮೊದಲು ಬಂತು. ಕಿಟಕಿಯಿಂದ ಕೈ ಬೀಸಿದರು.

ನಾನು ಹುಣಸೂರಿನಲ್ಲಿ ಇಳಿಯುವ ಹೊತ್ತಿಗೆ ಮನಸ್ಸು ಅವರ ವಿರುದ್ಧವೇ ಒಂದು ವಾದ ಕಟ್ಟಿಬಿಟ್ಟಿತ್ತು. ಅವರ ನೆನಪೂ ನೆನಪೇ ತಾನೆ? ಅವರಿಗೆ ನೋವಾದ ದಿನಗಳು ಬೇರೆ ಯಾವುದೋ ಶಾಲೆಯಲ್ಲಿ ನಡೆದಿರಬಹುದು. ‘ಬಾರಮ್ಮ’ ಅಂದವರು ಬೇರೆ ಯಾರೋ ಇರಬಹುದು. ಕೆಂಪು ಗೆರೆ ಅಳಿಸಿದವಳು ನಾನು, ನಾನು ಹಾಗೆ ಅಂದೇನೆ? ಒಂದು ವಾರ ಇದೇ ವಾದದಲ್ಲಿ ಕಳೆದೆ. ಅಡುಗೆ ಮಾಡುವಾಗ, ಈಗಿನ ನನ್ನ ಶಾಲೆಯಲ್ಲಿ ಪಾಠ ಮಾಡುವಾಗ, ಮನಸ್ಸಿನಲ್ಲೇ ಗೌರಿಯ ಎದುರು ಕೂತು ಮಾತಾಡುತ್ತಿದ್ದೆ. ಆ ಮಾತುಕತೆಗಳಲ್ಲೆಲ್ಲ ನಾನು ಅವರಿಗೆ ನೀವು ಎಂದೇ ಅನ್ನುತ್ತಿದ್ದೆ.

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೆ ಕೆ.ಆರ್. ನಗರದ ಬಸ್ ಹತ್ತಿ ತವರಿಗೆ ಹೋದೆ. ನಾಲೆಯ ನೀರು ಹರಿಯುವ ಊರು ನಮ್ಮದು. ಗದ್ದೆಗಳಲ್ಲಿ ಭತ್ತ ಬಲಿತು ಬಾಗಿ ನಿಂತಿತ್ತು. ಅತ್ತಿಗೆ, “ಹಬ್ಬಕ್ಕೆ ಬರದೋರು ಡೈರಿಗೆ ಬಂದ್ರಾ?” ಎಂದು ರೇಗಿಸಿ ಟ್ರಂಕಿನ ಬೀಗದ ಕೈ ಕೊಟ್ಟರು. ಹಿಂದಿನ ಕೋಣೆಯ ಕಿಟಕಿಯ ಬಿಸಿಲಿನಲ್ಲಿ ಕೂತು ಆ ವರ್ಷದ ಡೈರಿ ಹುಡುಕಿದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಅಂದಿನ ಬರಹ ಐದೇ ಸಾಲು. ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ.

“ಬೆಳಿಗ್ಗೆಯಿಂದ ಮಳೆ. ಎಚ್.ಎಂ. ತಡವಾಗಿ ಬಂದರು. ಇಬ್ಬರು ಹೊಸಬರು ಸೇರಿದರು. ಸುಮ ಅವರು ಮೈಸೂರಿನವರು, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾರೆ, ಮೈಸೂರುಪಾಕು ತಂದಿದ್ದರು. ಇನ್ನೊಬ್ಬಳು ಗೌರಿ, ಹಾಡಿಯವಳು. ಪಾಪ, ಚೂಟಿಯಾಗಿದ್ದಾಳೆ. ಮಾದೇವಮ್ಮ ಯಾವುದೋ ಕುರ್ಚಿ ಎಳೆದಾಡುತ್ತಾ ಬೆಲ್ ಹೊಡೆಯುವುದನ್ನೇ ಮರೆತಳು.”

ಮತ್ತೊಮ್ಮೆ ಓದಿದೆ. ನನ್ನದೇ ಅಕ್ಷರ, ದುಂಡಗೆ, ಒಂದು ಒತ್ತೂ ತಪ್ಪಿಲ್ಲ. ಸುಮ ತಂದಿದ್ದರು. ಗೌರಿ ಇದ್ದಾಳೆ. ಮಾದೇವಮ್ಮ ಮರೆತಳು. ಅಲ್ಲಿಂದ ಮುಂದೆ ಪುಟ ತಿರುಗಿಸಿದಂತೆಲ್ಲ ಅದೇ. ಗೌರಿ ಬಂದಳು, ಗೌರಿ ಕೇಳಿದಳು, ಗೌರಿಗೆ ಜ್ವರವಂತೆ, ಬಂದಿಲ್ಲ ಅವಳು. ನಾನು ಹಲ್ಲು ಕಚ್ಚಿಕೊಂಡು ಬೈದು ಬರೆದಿರುವ ಒಬ್ಬ ಇನ್ಸ್‌ಪೆಕ್ಟರ್ ಇದ್ದಾರೆ. ಅವರಿಗೂ ಬಹುವಚನ ಕೊಟ್ಟಿದ್ದೇನೆ: “ಆ ದರಿದ್ರದವರು ಇವತ್ತೂ ಬಂದರು.” ಕೆಂಪು ಗೆರೆಯ ಜಗಳದ ಪುಟಗಳೂ ಹಿಂದಿನ ವರ್ಷದ ಡೈರಿಯಲ್ಲಿದ್ದವು. ಎಷ್ಟೊಂದು ಆವೇಶ, ಎಷ್ಟೊಂದು ಸಮಾನತೆ.

ಗೌರಿ ‘ಬಂದರು’ ಆದದ್ದು ಯಾವಾಗ ಎಂದು ಹುಡುಕಿದೆ. ಮೂರನೆಯ ವರ್ಷದ ಆರಂಭದಲ್ಲಿ ಸಿಕ್ಕಿತು. ಅವರು ಪಾಠ ಮಾಡಿದ ಎಸ್ಸೆಸ್ಸೆಲ್ಸಿ ಮಕ್ಕಳು ಗಣಿತದಲ್ಲಿ ಒಬ್ಬರೂ ಫೇಲಾಗದೆ ಪಾಸಾದ ಸುದ್ದಿಯ ದಿನ. “ಗೌರಿ ಮೇಡಂ ಸಿಹಿ ಹಂಚಿದರು” ಎಂದಿದೆ. ಸುಮ ಅವರಿಗೆ ಮೊದಲ ದಿನವೇ ಸಿಕ್ಕಿದ್ದನ್ನು ಗೌರಿ ಎರಡು ವರ್ಷ ದುಡಿದು, ರಿಸಲ್ಟ್ ತೋರಿಸಿ ಪಡೆಯಬೇಕಾಗಿತ್ತು. ಆ ಬದಲಾವಣೆ ಆದದ್ದು ಬರೆದವಳಿಗೇ ಗೊತ್ತಾಗಿಲ್ಲ. ಮಹದೇವಮ್ಮನವರಂತೂ ನಾನು ಆ ಶಾಲೆ ಬಿಟ್ಟ ದಿನದ ಪುಟದಲ್ಲೂ ‘ಮಾದೇವಮ್ಮ ಅಳುತ್ತಿದ್ದಳು’ ಎಂದು ಏಕವಚನದಲ್ಲೇ ಇದ್ದಾರೆ.

ಹೊಂಗೆ ಹೂವಿನ ಊಟವೂ ಸಿಕ್ಕಿತು. ಏಪ್ರಿಲ್, ಕೊನೆಯ ವಾರ. ನನ್ನ ಮನಸ್ಸು ಮೂರು ವರ್ಷವನ್ನು ಮಡಚಿ, ಕೊನೆಯ ದಿನವನ್ನು ಮೊದಲ ದಿನದ ಮೇಲೆ ಹೊದಿಸಿಬಿಟ್ಟಿತ್ತು. ಮಹದೇವಮ್ಮನವರ ಬಾಯಲ್ಲಿದ್ದ ಮಾತನ್ನು ಎತ್ತಿ ನನ್ನ ಬಾಯಲ್ಲಿ ಇಟ್ಟುಕೊಂಡಿತ್ತು. ಯಾವಾಗ ಮಾಡಿತು ಈ ಕೆಲಸ? ಕನಸಿನಲ್ಲೋ, ಎಚ್ಚರದಲ್ಲೋ? ಯಾರಿಗೆ ಎಷ್ಟು ಸಲ ಈ ಕಥೆ ಹೇಳಿದ್ದೇನೆ, ಪ್ರತಿ ಸಲ ಹೇಳುವಾಗಲೂ ಸ್ವಲ್ಪ ಸ್ವಲ್ಪ ಸರಿಸಿದೆನೋ? ಅದಕ್ಕೆ ಉತ್ತರ ಯಾವ ಡೈರಿಯಲ್ಲೂ ಇರಲಿಲ್ಲ.

ಲೇಖನ ಮತ್ತೆ ಬರೆಯುವ ಮೊದಲು ಮಹದೇವಮ್ಮನವರನ್ನು ನೋಡಲು ಹೋದೆ. ನಿವೃತ್ತರಾಗಿ ಶಾಲೆಯ ಊರಿನಲ್ಲೇ ಮಗಳ ಜೊತೆ ಇದ್ದಾರೆ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಮಹದೇವಮ್ಮ, ಹೇಗಿದ್ದೀರಿ?” ಎಂದೆ.

ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. “ಯಾರು, ಹಿಸ್ಟ್ರಿ ಮೇಡಮ್ಮಾರಾ? ಏನವ್ವ, ನಂಗೂ ರೀ ಹಚ್ಚುಟ್ರಲ್ಲ. ಎಲೆಕ್ಷನ್‌ಗೆ ನಿಂತಿದ್ದೀರಾ?”

ನಾನು ಕುರ್ಚಿಯ ವಿಷಯ ಕೇಳಿದೆ. ಗೌರಿ ಬಂದ ದಿನ, ಮಳೆ, ಎಚ್.ಎಂ. ರೂಮಿನ ಕುರ್ಚಿ, ಎಲ್ಲ ನೆನಪಿಸಿದೆ.

“ನಂಗೆ ನೆಪ್ಪಿಲ್ಲ ಕಣವ್ವ. ಎಷ್ಟ್ ಜನಕ್ಕೆ ಕುರ್ಚಿ ತಂದಾಕಿವ್ನಿ, ಒಬ್ರಾ ಇಬ್ರಾ.”

“ಬೇರೆ ಯಾರೂ ಎದ್ದಿರಲಿಲ್ಲ. ನೀವೊಬ್ಬರೇ ಬನ್ನಿ ಅಂದಿರಂತೆ.”

“ಅನ್ನದೆ ಇನ್ನೇನಂತಾರೆ? ಟೀಚರ್ರು ಅಂದ್ಮೇಲೆ ಟೀಚರ್ರೇ. ಅವ್ರು ಆಡಿಯಿಂದ ಬಂದ್ರೇನು, ಅರಮನೆಯಿಂದ ಬಂದ್ರೇನು.” ಒಂದು ಹಿಡಿ ಕಾಳನ್ನು ಮೊರಕ್ಕೆ ಹಾಕಿದರು. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, “ಓಗ್ಲಿ ಬುಡಿ, ಯಾಕಂಗೆ ಸಪ್ಪಗಿದ್ದೀರಿ. ನಮ್ಗೂ ಎಲ್ರೂ ಬಾ ಓಗು ಅಂತಾನೇ ಇದ್ರು. ನೀವೂ ಅಂತಿದ್ರಿ. ಅಂದ್ರೂನೂವೆ ನೀವು ಅಬ್ಬಕ್ಕೆ ಸೀರೆ ಕೊಟ್ಟಿದ್ರಿ, ನಾನು ಮರ್ತಿಲ್ಲ” ಅಂದರು.

ಆ ಸಮಾಧಾನ ನನಗೆ ಗೌರಿಯ ಮಾತಿಗಿಂತ ಹೆಚ್ಚು ತಾಗಿತು. ನಿಮ್ಮ ಹೆಸರು ಲೇಖನದಲ್ಲಿ ಹಾಕಲೇ ಎಂದು ಕೇಳಿದೆ.

“ಆಕಿ. ಆದ್ರೆ ಮಾದೇವಮ್ಮ ಅಂತ ಬರೀಬ್ಯಾಡಿ. ಮಹದೇವಮ್ಮ ಅಂತ ಬರೀರಿ. ಅಟೆಂಡೆನ್ಸಲ್ಲಿ ಅಂಗೇ ಇರದು.”

ಹೊಸ ಲೇಖನ ಕಳಿಸಿದಾಗ ನಾಗರಾಜು ಅವರಿಗೆ ಗಾಬರಿಯಾಯಿತು. “ಮೇಡಂ, ಶುಭಕಾರ್ಯದಲ್ಲಿ ಇದ್ಯಾಕೆ? ನಿಮ್ಮನ್ನ ನೀವೇ ಬೈಕೊಂಡಂಗಿದೆ. ಮೊದಲ್ನೇದೇ ಚೆನ್ನಾಗಿತ್ತು.” ಮೊದಲನೆಯದು ಚೆನ್ನಾಗಿದ್ದದ್ದು ನಿಜ. ಅದು ಸುಳ್ಳು ಸಾರ್ ಎಂದೆ. ಅವರು, “ಸರಿ, ಓದೋರು ನೀವು ತಾನೆ” ಅಂದರು. ಗೌರಿಗೂ ಕಳಿಸಿದೆ. ಬಂದದ್ದು ಒಂದೇ ಪದ: “ಬರ್ತೀನಿ.”

ಡಿಸೆಂಬರಿನ ಒಂದು ಬೆಳಿಗ್ಗೆ ಸಮಾರಂಭ. ಹೊಂಗೆ ಮರದ ಪಕ್ಕದಲ್ಲೇ ಶಾಮಿಯಾನ. ಹೂವಿನ ಕಾಲವಲ್ಲ, ಎಲೆಗಳ ಮೇಲೆ ಬಿಸಿಲು ಬಿದ್ದು ಕೆಳಗೆ ಬೆಳಕಿನ ಚುಕ್ಕೆಗಳು ಅಲ್ಲಾಡುತ್ತಿದ್ದವು. ಹತ್ತಾರು ವರ್ಷದ ಹಿಂದಿನ ಮುಖಗಳು ಆ ಚುಕ್ಕೆಗಳ ಕೆಳಗೆ ಓಡಾಡುತ್ತಿದ್ದವು. ಯಾರು ಯಾರೆಂದು ಗೊತ್ತಾಗುವ ಮೊದಲೇ ನಕ್ಕು ಮುಂದೆ ಹೋಗುತ್ತಿದ್ದರು. ಗೌರಿ ತಮ್ಮ ಹಾಡಿಯ ಮಕ್ಕಳನ್ನು ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಮಹದೇವಮ್ಮನವರ ಪಕ್ಕ ಕೂತರು. ಹೆಸರು ಕರೆದಾಗ ವೇದಿಕೆಗೆ ಬಂದು ಶಾಲು ಹೊದಿಸಿಕೊಂಡು, ಎರಡೇ ಮಾತು ಆಡಿ, ಮತ್ತೆ ಹಿಂದಕ್ಕೇ ಹೋಗಿ ಕೂತರು.

ನಾನು ಓದಲು ನಿಂತಾಗ ಮೈಕ್ ಒಮ್ಮೆ ಕಿರುಚಿತು. ಕೆಂಪು ಗೆರೆಯ ಕಥೆಗೆ ಹಳೆಯ ಟೀಚರ್‌ಗಳು ಚಪ್ಪಾಳೆ ತಟ್ಟಿದರು. ಡೈರಿಯ ಐದು ಸಾಲು ಓದಿದಾಗ ಯಾರೂ ತಟ್ಟಲಿಲ್ಲ. ಕೆಲವರಿಗೆ ಅರ್ಥವಾಗಲಿಲ್ಲ ಅನ್ನಿಸುತ್ತದೆ. ಮುಂದಿನ ಸಾಲಿನ ಒಬ್ಬರು ಪಕ್ಕದವರನ್ನು “ಅದ್ರಲ್ಲೇನಂತೆ ತಪ್ಪು?” ಎಂದು ಕೇಳಿದ್ದು ನನಗೇ ಕೇಳಿಸಿತು. ‘ಮಹದೇವಮ್ಮನವರು ಕುರ್ಚಿ ತಂದರು, ಬನ್ನಿ ಅಂದರು’ ಎಂದು ಓದಿದೆ. ಹಾಳೆಯ ಮೇಲೆ ಬೆಳಕಿನ ಚುಕ್ಕೆಗಳು ಆಡುತ್ತಿದ್ದುದರಿಂದ ಅಕ್ಷರಗಳು ತೇಲಿದಂತೆ ಕಾಣುತ್ತಿದ್ದವು. ಓದಿ ಮುಗಿಸಿದ್ದು ಹೇಗೋ ನೆನಪಿಲ್ಲ.

ವೇದಿಕೆಯಿಂದ ಇಳಿದು ಬಂದೆ. ನಾನು ಮೊದಲು ಕೂತಿದ್ದ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಯಾವ ಸಾಲಿನಲ್ಲೂ ಖಾಲಿ ಇರಲಿಲ್ಲ. ನಡುವಿನ ದಾರಿಯಲ್ಲಿ ಹಾಳೆಗಳನ್ನು ಎದೆಗೆ ಅವಚಿಕೊಂಡು ನಿಂತೆ.

ಹಿಂದಿನ ಸಾಲಿನಿಂದ ಗೌರಿ ಎದ್ದು ನಿಂತರು. ತಮಗೂ ಮಹದೇವಮ್ಮನವರಿಗೂ ನಡುವಿನ ಕುರ್ಚಿಯ ಮೇಲಿದ್ದ ಮಕ್ಕಳ ಬ್ಯಾಗುಗಳನ್ನು ತೆಗೆದು ಕೆಳಗಿಟ್ಟರು. ಮಹದೇವಮ್ಮನವರು ಅಭ್ಯಾಸಬಲದಿಂದಲೋ ಏನೋ ಕುರ್ಚಿಯನ್ನು ಸೆರಗಿನಿಂದ ಒಂದು ಸಲ ಒರೆಸಿದರು.

“ಶಶಿ, ಬಾ. ಇಲ್ಲಿ ಕೂತ್ಕೋ,” ಅಂದರು ಗೌರಿ.

ಸುತ್ತಲಿನವರು ತಿರುಗಿ ನೋಡಿದರು. ನನಗೆ ಎದೆಯೊಳಗೆ ಚುರುಕ್ ಅಂದಿತು. ಸೂಜಿಯ ಮೊನೆ ತಾಗಿದಷ್ಟು. ಎಂ.ಎ. ಮಾಡಿದ, ಇಪ್ಪತ್ತು ವರ್ಷಕ್ಕೂ ಮೇಲೆ ಸರ್ವೀಸ್ ಆದ, ವಿದ್ಯಾರ್ಥಿಗಳ ಮುಂದೆ ನಿಂತ ನನಗೆ ‘ಬಾ’ ಅಂತಾರಲ್ಲ ಎಂದು. ಯೋಚನೆಗಿಂತ ಮೊದಲೇ ಬಂದುಬಿಟ್ಟಿತು ಅದು. ಮರುಕ್ಷಣ ನಾಚಿಕೆಯಾಯಿತು. ಅದರ ಮರುಕ್ಷಣ ಅವರ ಮನೆಯ ಮಾತು ನೆನಪಾಯಿತು, ಅಜ್ಜನಿಗೂ ನೀನೇ, ದೇವರಿಗೂ ನೀನೇ. ನಡೆದು ಹೋಗಿ ಅವರಿಬ್ಬರ ನಡುವೆ ಕೂತೆ. ಗೌರಿ ಮುಂದೆ ನೋಡುತ್ತಲೇ ನನ್ನ ಮೊಣಕೈ ಮೇಲೆ ಕೈಯಿಟ್ಟು ತೆಗೆದರು.

ಅದು ಪ್ರೀತಿಯ ‘ಬಾ’ ಆಗಿತ್ತೋ, ನನಗೆ ಕಲಿಸಿದ ಪಾಠವಾಗಿತ್ತೋ ಇವತ್ತಿಗೂ ಗೊತ್ತಿಲ್ಲ. ಕೇಳಬಹುದು. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಕೇಳಿಲ್ಲ. ನಾನೂ ಅವರಿಗೆ ‘ನೀನು’ ಅನ್ನಬಹುದೇ ಎಂದು ಬಾಯಿ ತುದಿಗೆ ಬಂದು ನಿಲ್ಲುತ್ತದೆ. ನನ್ನ ಬಾಯಿಂದ ಆ ಮಾತು ಹಳೆಯ ಸ್ಟಾಫ್ ರೂಮಿನ ವಾಸನೆ ಇಲ್ಲದೆ ಹೊರಟೀತೇ ಎಂಬ ಭಯ. ಸದ್ಯಕ್ಕೆ ಅವರು ‘ಬಾ’ ಅನ್ನುತ್ತಾರೆ, ನಾನು ‘ಬರ್ತೀನಿ, ನೀವು ಹೇಗಿದ್ದೀರಿ’ ಅನ್ನುತ್ತೇನೆ.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಬರೆದದ್ದು ಮೂರು ಸಾಲು. ಗೌರಿ ಬಂದರು. ಮಹದೇವಮ್ಮನವರು ಬಂದರು. ನನಗೆ ಕೂರಲು ಜಾಗ ಮಾಡಿಕೊಟ್ಟರು.

ಹೊಂಗೆ ಹೂವಿನ ಆ ಚಿತ್ರ ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ, ಸುಳ್ಳೆಂದು ಗೊತ್ತಿದ್ದೂ ಬರುತ್ತದೆ. ಹೂವು ಅಷ್ಟೇ ಮೆತ್ತಗೆ ಬೀಳುತ್ತದೆ. ಇನ್ನು ಹತ್ತು ವರ್ಷ ಕಳೆದರೆ ಶಾಮಿಯಾನದ ಆ ದಿನವನ್ನೂ ನನ್ನ ಮನಸ್ಸು ತನಗೆ ಬೇಕಾದ ಹಾಗೆ ಮಡಚಿಟ್ಟುಕೊಳ್ಳಬಹುದು. ಆದರೆ ಆ ಚುರುಕ್ ಅಂದದ್ದನ್ನು ಮಾತ್ರ ನಾನು ಡೈರಿ ನೋಡದೆಯೂ ನಂಬುತ್ತೇನೆ. ಆಷಾಢದ ಆ ಮಳೆಯ ದಿನ, ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದವರಿಗೆ ಚುರುಕ್ ಅಂದದ್ದೂ ಎದೆಯ ಅದೇ ಜಾಗದಲ್ಲಿ.